ರೋಮ್‌ನ ‘ಸಕಲ ಸಂತರ’ ವಾಕಿಂಗ್ ಟೂರ್: 45 ಯೂರೋಗೆ ಏನು ಸಿಗುತ್ತೆ, ಏನು ಸಿಗಲ್ಲ

ಹತ್ತಕ್ಕೆ ಆರೂವರೆ. ಅಂಕ ಮೊದಲು ಕೊಟ್ಟಿದ್ದೇನೆ, ಕಾರಣ ಆಮೇಲೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ರಿಟೈರ್ ಆದವಳು ನಾನು. ಈ ಚಾಳಿ ಹೋಗುವಂಥದ್ದಲ್ಲ.

ಮಗಳು ರೋಮ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಕ್ಟೋಬರ್ ಕೊನೆಗೆ ನಾನು, ನಮ್ಮ ಯಜಮಾನರು ಅವಳ ಮನೆಯಲ್ಲಿದ್ದೆವು. ನವೆಂಬರ್ 1 ನಮ್ಮ ಕ್ರೈಸ್ತರ ಸಕಲ ಸಂತರ ಹಬ್ಬ. ಇಟಲಿಯಲ್ಲಿ ಅವತ್ತು ಸರ್ಕಾರಿ ರಜೆ. ಮೈಸೂರಿನಲ್ಲಿ ನಮಗೂ ರಜೆಯೇ, ಆದರೆ ಅದು ರಾಜ್ಯೋತ್ಸವದ್ದು. ಸರ್ವಿಸ್‌ನಲ್ಲಿ ಇರುವಷ್ಟು ಕಾಲ ಬೆಳಗ್ಗೆ ಶಾಲೆಯಲ್ಲಿ ಬಾವುಟ, ಮಕ್ಕಳ ಡ್ಯಾನ್ಸು, ಸಂಜೆ ಚರ್ಚಿನಲ್ಲಿ ಪೂಜೆ. ಅಷ್ಟು ಹೊತ್ತಿಗೆ ಕಾಲು ಬಿದ್ದುಹೋಗಿರುತ್ತಿತ್ತು. ಈ ಹಬ್ಬ ಎಲ್ಲಿಂದ ಬಂತು ಅಂತ ಕೇಳುವ ಪುರುಸೊತ್ತು ಯಾರಿಗಿತ್ತು? ಹಾಗಾಗಿ ‘ಹಬ್ಬ ಹುಟ್ಟಿದ ಜಾಗಗಳನ್ನು ನಡೆದು ನೋಡಿ’ ಅನ್ನುವ ಟೂರ್ ಕಣ್ಣಿಗೆ ಬಿದ್ದ ಕೂಡಲೇ ಮಗಳಿಗೆ ಬುಕ್ ಮಾಡು ಅಂದೆ.

ಕಂಪನಿ ಹೆಸರು ಬರೆಯುವುದಿಲ್ಲ. ತಲೆಗೆ 45 ಯೂರೋ. ಇಂಗ್ಲಿಷ್ ಗೈಡ್. ಬೆಳಗ್ಗೆ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತೆ. ಹಬ್ಬದ ಹಿಂದಿನ ದಿನ, ಅಂದರೆ ಅಕ್ಟೋಬರ್ 31ಕ್ಕೆ ನಮ್ಮ ಪಾಳಿ. ಸಾಂತಾ ಮರಿಯಾ ಮಜ್ಜೋರೆ ಬಸಿಲಿಕಾದ ಹತ್ತಿರ ಸೇರಿ, ಅಲ್ಲಿಂದ ಸಾಂತಾ ಪ್ರಸ್ಸೆದೆ ಚರ್ಚು, ಆಮೇಲೆ ಇಳಿಜಾರಿನಲ್ಲಿ ಹಳೆಯ ರೋಮ್‌ನ ಪಾಳುಬಿದ್ದ ಪೇಟೆಚೌಕ ಫೋರಂ ಕಡೆಗೆ, ಕಾಂಪಿದೋಲಿಯೋ ಗುಡ್ಡ ಹತ್ತಿ ಇಳಿದು ಕೊನೆಗೆ ರೋಮನ್ನರ ಹಳೆಯ ದೇವಾಲಯ ಪ್ಯಾಂಥಿಯನ್. ದಾರಿ ಉದ್ದಕ್ಕೂ ಕರೀ ಕಲ್ಲು ಹಾಸಿದ ರಸ್ತೆ. ಮಂಡಿನೋವು ಇರುವವರು ಗಟ್ಟಿ ಶೂ ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಬಂದ ಒಬ್ಬರ ಪಾಡು ನೋಡಿದೆ.

‘ಸಣ್ಣ ಗುಂಪು’ ಅಂತ ಬರೆದಿದ್ದರು. ಇಪ್ಪತ್ತರ ಮೇಲೆ ಜನ ಇದ್ದೆವು. ಕಿವಿಗೆ ಕೊಟ್ಟ ಯಂತ್ರ ಅರ್ಧ ಹೊತ್ತು ಗೊರಗೊರ ಅಂತಿತ್ತು. ಯಜಮಾನರು ಅದನ್ನು ಜೇಬಿಗೆ ಹಾಕಿಕೊಂಡು ಗೈಡ್ ಪಕ್ಕದಲ್ಲೇ ನಡೆದರು. ಬುದ್ಧಿವಂತಿಕೆಯ ಕೆಲಸ. ಗೈಡ್ ಹುಡುಗಿ ರೋಮ್‌ನವಳೇ, ಪುರಾತತ್ವ ಓದಿದವಳು. ಮಾತು ಚೆನ್ನಾಗಿ ಬರುತ್ತಿತ್ತು. ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಿರಲಿಲ್ಲ. ನನ್ನಂಥವಳು ಗುಂಪಿನಲ್ಲಿದ್ದಾಗ ಅದು ಸಣ್ಣ ಗುಣವಲ್ಲ.

ಸಾಂತಾ ಪ್ರಸ್ಸೆದೆಗೆ ಹೋದ ಮೇಲೆ ಟೂರಿಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು ಅನ್ನಿಸಿತು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಂದು ಓಣಿ, ಒಂದು ಪಕ್ಕದ ಬಾಗಿಲು. ದೊಡ್ಡ ಬಸಿಲಿಕಾ ನೋಡಿ ಬಂದ ಜನ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಬಂಗಾರದ ಬಣ್ಣದ ಮೊಸಾಯಿಕ್. 1ನೇ ಪಾಸ್ಕಲ್ ಅನ್ನುವ ಪೋಪ್ ಕಟ್ಟಿಸಿದ್ದು. ಅವರು 817ರಿಂದ 824ರವರೆಗೆ ಪೋಪ್ ಆಗಿದ್ದರು. ಅವರ ಚಿತ್ರವೂ ಅಲ್ಲಿದೆ, ಕೈಯಲ್ಲಿ ಚರ್ಚಿನ ಮಾದರಿ ಹಿಡಿದುಕೊಂಡು ನಿಂತಿದ್ದಾರೆ. ತಲೆಯ ಹಿಂದೆ ಪ್ರಭಾವಳಿ ಇದೆ, ಆದರೆ ಚೌಕ! ಆ ಚಿತ್ರದಲ್ಲಿ ಉಳಿದವರಿಗೆಲ್ಲ ದುಂಡಗೆ, ಇವರಿಗೆ ಮಾತ್ರ ಚೌಕ. ಚಿತ್ರ ಮಾಡುವಾಗ ಇನ್ನೂ ಬದುಕಿದ್ದರು ಅಂತ ಅದರ ಅರ್ಥ. ಬದುಕಿರುವವರನ್ನು ಸಂತರು ಅನ್ನುವ ಹಾಗಿಲ್ಲ ಅಲ್ವಾ.

ಈ ಪಾಸ್ಕಲ್ ಮಾಡಿದ ಕೆಲಸಕ್ಕೂ ಹಬ್ಬಕ್ಕೂ ಸಂಬಂಧ ಇದೆ. ರೋಮ್ ಊರಾಚೆ ನೆಲದ ಕೆಳಗೆ ಸುರಂಗದಂಥ ಸ್ಮಶಾನಗಳು, ಕ್ಯಾಟಕೂಂಬ್‌ಗಳು. ಹಳೆಯ ಕ್ರೈಸ್ತರನ್ನು ಹೂಳಿದ್ದು ಅಲ್ಲಿ. ಅವುಗಳಲ್ಲಿ ರಕ್ತಸಾಕ್ಷಿಗಳೂ, ಅಂದರೆ ವಿಶ್ವಾಸಕ್ಕಾಗಿ ಕೊಲೆಯಾದವರೂ ಇದ್ದರು. ಕಾಲ ಹೋದಂತೆ ಆ ಜಾಗಗಳು ಹಾಳು ಬಿದ್ದವು. ಪಾಸ್ಕಲ್ ಅಲ್ಲಿಂದ 2,300 ಜನರ ಅವಶೇಷಗಳನ್ನು ಈ ಚರ್ಚಿಗೆ ತರಿಸಿದರು. ಆ ಲೆಕ್ಕವನ್ನು ಅಮೃತಶಿಲೆಯ ಮೇಲೆ ಕೆತ್ತಿಸಿದ್ದಾರೆ. ಕಲ್ಲು ಈಗಲೂ ಅಲ್ಲಿದೆ. ಗೈಡ್ ಬೆರಳಿಟ್ಟು ತೋರಿಸಿದಳು. ಕೆಲವರದು ಹೆಸರು ಇದೆ. ಉಳಿದವರದು ಬರೀ ಸಂಖ್ಯೆ.

ಅದರ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಹಬ್ಬ ಯಾಕೆ ಬೇಕಾಯಿತು ಅನ್ನುವುದಕ್ಕೆ ಆ ಕಲ್ಲೇ ಉತ್ತರ. ಗೈಡ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದಳು. ಶುರುವಿನಲ್ಲಿ ಒಬ್ಬೊಬ್ಬ ರಕ್ತಸಾಕ್ಷಿಗೂ ಅವರವರ ದಿನ ಇತ್ತು. ಈಗಿನ ಟರ್ಕಿಯ ಸ್ಮಿರ್ನಾ ಊರಿನ ಪೋಲಿಕಾರ್ಪ್ ಅನ್ನುವ ಮುದುಕ ಬಿಷಪ್‌ರನ್ನು ಸುಮಾರು 155ರ ಹೊತ್ತಿಗೆ ಕೊಂದರು. ಅಲ್ಲಿನ ಜನ ವರ್ಷವರ್ಷ ಅವರ ಸಮಾಧಿ ಹತ್ತಿರ ಸೇರತೊಡಗಿದರು. ಸತ್ತ ದಿನವನ್ನೇ ಹುಟ್ಟಿದ ದಿನ ಅಂತ ಕರೆದರು, ಪರಲೋಕಕ್ಕೆ ಹುಟ್ಟಿದ ದಿನ. ನಮ್ಮವರಿಗೆ ಇದು ಹೊಸದೇನಲ್ಲ. ಮಂತ್ರಾಲಯದಲ್ಲಿ ರಾಯರ ಆರಾಧನೆ ಮಾಡುವುದು ಅವರು ಬೃಂದಾವನ ಸೇರಿದ ತಿಥಿಗೆ ತಾನೆ.

ಒಬ್ಬರಿಗೆ ಒಂದು ದಿನ ಅನ್ನುವುದು ಸ್ವಲ್ಪ ಜನ ಇರುವಾಗ ನಡೆಯುತ್ತೆ. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದ ದೊಡ್ಡ ಹಿಂಸೆ ಶುರುವಾಯಿತು. ಸತ್ತವರು ಎಷ್ಟು ಜನ, ಯಾರು ಯಾರು, ಯಾವ ದಿನ? ಲೆಕ್ಕ ತಪ್ಪಿಹೋಯಿತು. ವರ್ಷದಲ್ಲಿ ದಿನಗಳೂ ಸಾಲವು. ಹಾಗಾಗಿ ಎಲ್ಲರಿಗೂ ಸೇರಿ ಒಂದು ದಿನ. ಈ ಯೋಚನೆ ಮೊದಲು ಬಂದದ್ದು ರೋಮ್‌ನಲ್ಲಲ್ಲ, ಪೂರ್ವದ ಚರ್ಚುಗಳಲ್ಲಿ. 4ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಹೆಸರಾಂತ ಬೋಧಕ ಜಾನ್ ಕ್ರಿಸೊಸ್ತೊಮ್ ಎಲ್ಲ ರಕ್ತಸಾಕ್ಷಿಗಳ ಬಗ್ಗೆ ಮಾಡಿದ ಪ್ರಸಂಗ ಈಗಲೂ ಸಿಗುತ್ತೆ. ಅವರಿಗೆ ಅದು ಪೆಂತೆಕೋಸ್ತ್ (ಈಸ್ಟರ್‌ನಿಂದ ಐವತ್ತನೇ ದಿನದ ಹಬ್ಬ) ಮುಗಿದ ಮೊದಲ ಭಾನುವಾರ. ಗ್ರೀಕ್ ಸಂಪ್ರದಾಯದವರು ಇವತ್ತಿಗೂ ಅದೇ ಭಾನುವಾರ ಮಾಡುತ್ತಾರೆ. ಪೂರ್ವ ಸಿರಿಯಾದ ಸಂಪ್ರದಾಯದಲ್ಲಿ ಈಸ್ಟರ್ ಆದ ಮೇಲಿನ ಶುಕ್ರವಾರ. ಆ ಸಂಪ್ರದಾಯದ ಸಿರೋ ಮಲಬಾರ್ ಚರ್ಚು ಮಂಡ್ಯ, ಬೆಳ್ತಂಗಡಿ ಕಡೆ ನಮ್ಮಲ್ಲೂ ಇದೆ. ಗೈಡ್‌ಗೆ ಇದನ್ನು ಹೇಳಿದೆ, ಖುಷಿಪಟ್ಟಳು.

ನಿಮ್ಮ ಕಡೆಯ ಸಂತರು ಯಾರಾದರೂ ಇದ್ದಾರಾ ಅಂತ ಅವಳು ಕೇಳಿದಳು. ಜೋಸೆಫ್ ವಾಜ್ ಹೆಸರು ಹೇಳಿದೆ. ಗೋವಾದಲ್ಲಿ ಹುಟ್ಟಿ, 1681ರಿಂದ ಮೂರು ವರ್ಷ ಮಂಗಳೂರು ಸೀಮೆಯಲ್ಲಿ ಕೆಲಸ ಮಾಡಿ, ಆಮೇಲೆ ಶ್ರೀಲಂಕಾಕ್ಕೆ ಹೋದವರು. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ. ಪೋಪ್ ಫ್ರಾನ್ಸಿಸ್ ಅವರನ್ನು ಸಂತರ ಪಟ್ಟಕ್ಕೆ ಏರಿಸಿದ್ದು 2015ರಲ್ಲಿ, ಕೊಲಂಬೊದಲ್ಲಿ. ಅವಳು ಹೆಸರು ಬರೆದುಕೊಂಡಳು. ಮುಂದಿನ ಗುಂಪಿಗೆ ಹೇಳುತ್ತಾಳೋ ಬಿಡುತ್ತಾಳೋ.

ಇಲ್ಲಿಂದ ಹೊರಟ ಮೇಲೆ ಸ್ವಲ್ಪ ಸಪ್ಪೆ. ‘ವಿಶ್ರಾಂತಿ’ ಅಂತ ಒಂದು ಅಂಗಡಿಗೆ ನುಗ್ಗಿಸಿದರು. ಜಪಮಾಲೆ, ಮ್ಯಾಗ್ನೆಟ್ಟು, ಗಾಜಿನ ಮಣಿ. ಅಲ್ಲಿ ಅರ್ಧ ಗಂಟೆ ಹಾಳು. ಪಕ್ಕದ ಬೇಕರಿಯಲ್ಲಿ ಮಾತ್ರ ಒಳ್ಳೆಯದು ಸಿಕ್ಕಿತು. ಬಾದಾಮಿ ಪುಡಿ, ಸಕ್ಕರೆ ಹಾಕಿ ಮಾಡಿದ ಕಾಳಿನಷ್ಟು ಸಣ್ಣ ಬಿಸ್ಕತ್ತು. ಬಿಳಿ, ಕಂದು, ಗುಲಾಬಿ ಬಣ್ಣ. ಸತ್ತವರ ಅವರೆ ಅಂತ ಅದರ ಹೆಸರಂತೆ, ವರ್ಷದಲ್ಲಿ ಈ ಹಬ್ಬದ ಆಸುಪಾಸಿನಲ್ಲಿ ಮಾಡುತ್ತಾರೆ. ಕಾಫಿ ಜೊತೆ ಚೆನ್ನಾಗಿರುತ್ತೆ, ಸಕ್ಕರೆ ಸ್ವಲ್ಪ ಜಾಸ್ತಿ. ಯಜಮಾನರಿಗೆ ಶುಗರ್ ಇದೆ. ಆದರೂ ಪೊಟ್ಟಣ ಅವರ ಕೈಯಲ್ಲೇ ಖಾಲಿಯಾಯಿತು.

ಕಾಂಪಿದೋಲಿಯೋ ಗುಡ್ಡದ ಹಿಂದೆ ನಿಂತರೆ ಇಡೀ ಫೋರಂ ಕಾಣುತ್ತೆ. ಅದರಲ್ಲಿ ಒಂಟಿಯಾಗಿ ನಿಂತ ಒಂದು ಎತ್ತರದ ಕಂಬ ಇದೆ. ಫೋಕಾಸ್ ಅನ್ನುವ ಬೈಜಾಂಟಿಯನ್ ಚಕ್ರವರ್ತಿಯ ಗೌರವಕ್ಕೆ 608ರಲ್ಲಿ ನಿಲ್ಲಿಸಿದ್ದು. ಫೋರಂನಲ್ಲಿ ಕೊನೆಯದಾಗಿ ಎದ್ದ ಸ್ಮಾರಕ ಅದೇ. ಅವನು ಸಜ್ಜನನೇನಲ್ಲ. ಹಿಂದಿನ ಚಕ್ರವರ್ತಿಯನ್ನೂ ಅವನ ಮಕ್ಕಳನ್ನೂ ಕೊಲ್ಲಿಸಿ ಪಟ್ಟಕ್ಕೆ ಬಂದವನು. ಆದರೆ 4ನೇ ಬೋನಿಫೇಸ್ ಪೋಪ್ ಕೇಳಿದಾಗ ಪ್ಯಾಂಥಿಯನ್ ಕಟ್ಟಡವನ್ನು ಚರ್ಚಿಗೆ ಬಿಟ್ಟುಕೊಟ್ಟವನೂ ಇವನೇ. 609ರ ಮೇ 13ರಂದು (610 ಅನ್ನುವವರೂ ಇದ್ದಾರೆ) ಅದನ್ನು ಮಾತೆ ಮರಿಯಮ್ಮನವರಿಗೂ ಎಲ್ಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ರೋಮ್‌ನಲ್ಲಿ ಎಲ್ಲರನ್ನೂ ಒಟ್ಟಿಗೆ ನೆನೆಯುವ ದಿನ ಶುರುವಾಗಿದ್ದು ಹೀಗೆ. ಆ ಕಂಬ ಮತ್ತು ಹಬ್ಬವನ್ನು ಒಂದೇ ಮಾತಿನಲ್ಲಿ ಕಟ್ಟಿಕೊಟ್ಟದ್ದಕ್ಕೆ ಗೈಡ್‌ಗೆ ಪೂರ್ತಿ ಅಂಕ. ಎಷ್ಟೋ ಪುಸ್ತಕಗಳು ಈ ಕೆಲಸ ಮಾಡುವುದಿಲ್ಲ.

ಅದೇ ಜಾಗದಲ್ಲಿ ಅರ್ಧ ಅಂಕ ಕಳೆದುಕೊಂಡಳು. ಅವತ್ತು ಹ್ಯಾಲೋವೀನ್ ಅಲ್ವಾ, ಗುಂಪಿನಲ್ಲಿ ಅಮೆರಿಕದವರು ಜಾಸ್ತಿ. ಅವರಿಗಾಗಿ ಒಂದು ರೆಡಿಮೇಡ್ ಕಥೆ ಬಿಟ್ಟಳು. ಐರ್ಲೆಂಡಿನ ಹಳೆಯ ಜನರಿಗೆ ನವೆಂಬರ್ 1ಕ್ಕೆ ಸಾವಿನ್ (Samhain) ಅನ್ನುವ ಹಬ್ಬ ಇತ್ತು, ಅದನ್ನು ನುಂಗಲು ಪೋಪ್ ಮೇ ತಿಂಗಳ ಹಬ್ಬವನ್ನು ನವೆಂಬರ್‌ಗೆ ತಂದರು, ಮುಗೀತು. ಕೇಳಲು ಚೆಂದ. ಆದರೆ ಸುಮಾರು 800ರ ಹೊತ್ತಿಗೆ ಐರ್ಲೆಂಡಿನ ಚರ್ಚಿನವರೇ ಈ ಹಬ್ಬವನ್ನು ಏಪ್ರಿಲ್ 20ಕ್ಕೆ ಇಟ್ಟುಕೊಂಡಿದ್ದರು. ಸಾವಿನ್ ಹಬ್ಬದ ಐರ್ಲೆಂಡಿನವರೇ ಏಪ್ರಿಲ್‌ನಲ್ಲಿ ಮಾಡುತ್ತಿದ್ದರೆ ನವೆಂಬರ್ ಅವರಿಂದ ಹೇಗೆ ಬಂತು? ನವೆಂಬರ್ 1ರ ಹಳೆಯ ಸುಳಿವು ಸಿಗುವುದು ಇಂಗ್ಲೆಂಡಿನ ಮತ್ತು ಜರ್ಮನ್ ಸೀಮೆಯ ಕಡೆ. ಸುಮಾರು 800ರಲ್ಲಿ ಆಲ್ಕುಯಿನ್ ಅನ್ನುವ ಇಂಗ್ಲಿಷ್ ವಿದ್ವಾಂಸ ಸಾಲ್ಜ್‌ಬರ್ಗ್‌ನ ಬಿಷಪ್‌ಗೆ ಪತ್ರ ಬರೆದು, ನವೆಂಬರ್ 1ಕ್ಕೆ ಈ ಹಬ್ಬ ಮಾಡಿ ಅಂತ ಒತ್ತಾಯಿಸುತ್ತಾನೆ. 835ರಲ್ಲಿ, 4ನೇ ಗ್ರೆಗೊರಿ ಪೋಪ್ ಆಗಿದ್ದಾಗ, ಲೂಯಿ ಚಕ್ರವರ್ತಿ ತನ್ನ ಫ್ರಾಂಕಿಷ್ ರಾಜ್ಯಕ್ಕೆಲ್ಲ ಆ ದಿನವನ್ನೇ ಕಾಯಂ ಮಾಡಿದ. ಅದಕ್ಕೂ ನೂರು ವರ್ಷ ಹಿಂದೆ 3ನೇ ಗ್ರೆಗೊರಿ ಹಳೆಯ ಸೇಂಟ್ ಪೀಟರ್ ಬಸಿಲಿಕಾದಲ್ಲಿ ಎಲ್ಲ ಸಂತರ ಅವಶೇಷಗಳಿಗೆ ಒಂದು ಪುಟ್ಟ ಗುಡಿ ಕಟ್ಟಿಸಿದ್ದರು. ಅದೂ ಒಂದು ಕಾರಣ ಅನ್ನುವವರಿದ್ದಾರೆ.

ನನಗೆ ಇಷ್ಟವಾದದ್ದು 12ನೇ ಶತಮಾನದ ದೇವಶಾಸ್ತ್ರಜ್ಞ ಜಾನ್ ಬೆಲೆತ್ ಕೊಡುವ ಕಾರಣ. ಮೇ ತಿಂಗಳಲ್ಲಿ ರೋಮ್‌ಗೆ ಬರುವ ಯಾತ್ರಿಕರಿಗೆ ಊಟಕ್ಕೆ ಸಾಲುತ್ತಿರಲಿಲ್ಲವಂತೆ. ಸುಗ್ಗಿ ಆದ ಮೇಲೆ ಇಟ್ಟರೆ ಎಲ್ಲರಿಗೂ ಹೊಟ್ಟೆ ತುಂಬುತ್ತೆ ಅಂತ ಬದಲಾಯಿಸಿದರಂತೆ. ಜಾತ್ರೆಯ ಅನ್ನದಾನದ ಲೆಕ್ಕ ನೋಡಿದವರು ಯಾರೂ ಇದನ್ನು ತಳ್ಳಿಹಾಕಲ್ಲ. ಆದರೆ ಅವನು ಬರೆದದ್ದು ಮುನ್ನೂರು ವರ್ಷ ಆದ ಮೇಲೆ. ಹಾಗಾಗಿ ಅದನ್ನೂ ಸಾಕ್ಷಿ ಅಂತ ತಗೋಬೇಡಿ. ಇಷ್ಟನ್ನು ನಾನು ಗೈಡ್‌ಗೆ ಹೇಳಲು ಹೋದೆ. ಮಗಳು ನನ್ನ ಸೆರಗು ಎಳೆದಳು. ಸುಮ್ನಾದೆ.

ಇನ್ನು ಪ್ಯಾಂಥಿಯನ್. ಟೂರಿನ ದೊಡ್ಡ ಹೆಸರು ಇದೇ, ನಿರಾಸೆಯೂ ಇಲ್ಲೇ. ಟಿಕೆಟ್ ಬೇರೆ ತಗೋಬೇಕು ಅಂತ ಗೊತ್ತಾಗಿದ್ದು ಬಾಗಿಲಲ್ಲಿ. ಮೊದಲು ಪುಕ್ಕಟೆ ಇತ್ತು. 2023ರ ಜುಲೈನಿಂದ ಟಿಕೆಟ್ ಇಟ್ಟಿದ್ದಾರೆ, ಶುರುವಿನಲ್ಲಿ 5 ಯೂರೋ. ಒಳಗೆ ನಮಗೆ ಸಿಕ್ಕ ಹೊತ್ತು ಬಹಳ ಕಡಿಮೆ. ಅದರಲ್ಲಿ ಬಹುಪಾಲು ಕಟ್ಟಡದ ಅಂಕಿಅಂಶಕ್ಕೆ ಹೋಯಿತು. ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ನೆತ್ತಿಗೂ ಅಷ್ಟೇ. ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಬಯಲು ಕಿಂಡಿ, ಮಳೆ ಬಂದರೆ ನೀರು ನೇರ ಒಳಗೆ. ನೆಲದಲ್ಲಿ ನೀರು ಹೋಗಲು ಸಣ್ಣ ಸಣ್ಣ ತೂತು. ಮುಂದೆ ಈಜಿಪ್ಟ್‌ನಿಂದ ತಂದ ಗ್ರಾನೈಟಿನ 16 ಕಂಬ. ಮೇಲೆ ಮೊದಲ ಕಟ್ಟಡ ಕಟ್ಟಿಸಿದ ಅಗ್ರಿಪ್ಪನ ಹೆಸರು ಇದ್ದರೂ ಈಗಿನ ಕಟ್ಟಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು. ಇದೆಲ್ಲ ಯಾವ ಗೈಡ್‌ಪುಸ್ತಕದಲ್ಲೂ ಇದೆ. ಚಿತ್ರಕಾರ ರಾಫೆಲ್ ಸಮಾಧಿ ಮುಂದೆ ಸೆಲ್ಫಿ ಗಲಾಟೆ ಬೇರೆ.

ಕಂಚು ಕಳ್ಳತನದ ಭಾಗ ಮಾತ್ರ ಮಜವಾಗಿತ್ತು. 663ರಲ್ಲಿ ಕಾನ್‌ಸ್ಟಾನ್ಸ್ ಚಕ್ರವರ್ತಿ ಛಾವಣಿಯ ಕಂಚಿನ ಹೆಂಚು ಕೀಳಿಸಿಕೊಂಡು ಹೋದ. ಸಾವಿರ ವರ್ಷ ಆದ ಮೇಲೆ ಬಾರ್ಬೆರಿನಿ ಮನೆತನದ 8ನೇ ಉರ್ಬನ್ ಪೋಪ್ ಮುಂಭಾಗದ ಕಂಚು ಬಿಚ್ಚಿಸಿ ಫಿರಂಗಿ ಎರಕ ಹಾಕಿಸಿದರು. ಅನಾಗರಿಕರು ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು ಅಂತ ರೋಮ್‌ನ ಜನ ಆಡಿಕೊಂಡರಂತೆ. ಇಷ್ಟಾದರೂ ಕಟ್ಟಡ ನಿಂತಿರುವುದು ಅದು ಚರ್ಚು ಆದದ್ದರಿಂದಲೇ. ಫೋರಂನ ಗುಡಿಗಳನ್ನು ಕಲ್ಲಿಗಾಗಿ ಕಿತ್ತುಹಾಕಿದರು, ಪೂಜೆ ನಡೆಯುವ ಜಾಗವನ್ನು ಹಾಗೆ ಕೀಳಲು ಆಗಲಿಲ್ಲ. 28 ಗಾಡಿ ಮೂಳೆಗಳನ್ನು ಕ್ಯಾಟಕೂಂಬ್‌ಗಳಿಂದ ಇಲ್ಲಿಗೆ ತಂದರು ಅಂತಲೂ ಒಂದು ಹೇಳಿಕೆ. ಗೈಡ್ ಅದನ್ನು ನಡೆದ ಸಂಗತಿ ಅಂತಲೇ ಹೇಳಿದಳು. ನಾನು ಹೇಳಿಕೆ ಅಂತಲೇ ಇಟ್ಟುಕೊಳ್ಳುತ್ತೇನೆ.

ಟೂರ್ ಅಲ್ಲಿಗೆ ಮುಗಿಯಿತು. ಎಲ್ಲ ಸರಿ, ಆದರೆ ಹಬ್ಬ ಯಾರದು ಅನ್ನುವ ಪ್ರಶ್ನೆಗೆ ಅವರು ‘ಎಲ್ಲ ಸಂತರದು’ ಅಂತ ಹೇಳಿ ಕೈತೊಳೆದುಕೊಂಡರು. ಅಷ್ಟು ಸಾಲದು. ರೋಮ್‌ನಿಂದ ಅಧಿಕೃತವಾಗಿ ಸಂತರ ಪಟ್ಟ ಕೊಡುವ ಪದ್ಧತಿ ನಮಗೆ ದಾಖಲೆಯಲ್ಲಿ ಸಿಗುವುದೇ 993ರಲ್ಲಿ, ಆಗ್ಸ್‌ಬರ್ಗ್‌ನ ಉಲ್ರಿಕ್ ಅವರಿಂದ. ಹಬ್ಬ ಅದಕ್ಕಿಂತ ಹಳೆಯದು. ಇದು ಪಟ್ಟಿಯಲ್ಲಿ ಇರುವವರ ಹಬ್ಬ ಅಲ್ಲ, ಅವರಿಗೆ ಹೇಗೂ ಅವರವರ ದಿನ ಇದೆ. ಪಟ್ಟಿಗೆ ಬಾರದೆ ದೇವರ ಹತ್ತಿರ ಸೇರಿದವರದ್ದು. ಐದು ಮಕ್ಕಳನ್ನು ಸಾಕಿ, ಪಕ್ಕದ ಮನೆಯವರ ಬಾಣಂತನವನ್ನೂ ಮಾಡಿ, ಒಂದು ದಿನ ಸುಮ್ನೆ ಹೋಗಿಬಿಟ್ಟ ನಮ್ಮತ್ತೆ ಅಂಥವರದ್ದೂ. ಮೊದಲು ರಕ್ತಸಾಕ್ಷಿಗಳಿಗೆ ಮಾತ್ರ ಇದ್ದದ್ದು ಕಾಲಕಾಲಕ್ಕೆ ಹಿಗ್ಗುತ್ತಾ ಇಲ್ಲಿಗೆ ಬಂತು. ಮಾರನೇ ದಿನ, ನವೆಂಬರ್ 2ಕ್ಕೆ, ಸತ್ತವರೆಲ್ಲರ ಸ್ಮರಣೆ. ಅದು ಬೇರೆ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಒಡಿಲೋ ಸುಮಾರು 998ರಲ್ಲಿ ಶುರುಮಾಡಿದ್ದು. ಇನ್ನೂ ದೇವರ ಸನ್ನಿಧಿ ಸೇರದ ಆತ್ಮಗಳಿಗಾಗಿ ಅವತ್ತು ನಾವು ಪ್ರಾರ್ಥನೆ ಮಾಡುತ್ತೇವೆ. ಮೊದಲ ದಿನ ನಮಗಾಗಿ ಪ್ರಾರ್ಥಿಸಿ ಅಂತ ಸಂತರನ್ನು ಕೇಳುತ್ತೇವೆ. ಎರಡು ದಿನಕ್ಕೂ ಇರುವ ವ್ಯತ್ಯಾಸ ಇದು. ಟೂರಿನಲ್ಲಿ ಎರಡನ್ನೂ ಕಲಸಿಬಿಟ್ಟರು. ಇನ್ನೊಂದು ಬಿಟ್ಟುಹೋದ ವಿಷಯ: 1517ರಲ್ಲಿ ಮಾರ್ಟಿನ್ ಲೂಥರ್ ಚರ್ಚಿನ ಪದ್ಧತಿಗಳನ್ನು ಪ್ರಶ್ನಿಸುವ ತನ್ನ ವಾದಗಳನ್ನು ಹೊರಗೆ ಬಿಟ್ಟದ್ದೂ ಇದೇ ಅಕ್ಟೋಬರ್ 31ಕ್ಕೆ. ಅವನು ಅವನ್ನು ಅಂಟಿಸಿದ ಅನ್ನುವ ವಿಟನ್‌ಬರ್ಗ್ ಚರ್ಚಿನ ಹೆಸರೇ ಸಕಲ ಸಂತರ ಚರ್ಚು. ಹಬ್ಬದ ಹಿಂದಿನ ದಿನದ ಟೂರಿನಲ್ಲಿ ಇದು ಇರಬೇಕಿತ್ತು.

ಮಾರನೇ ದಿನ ನಾವು ಮೂವರೇ ಪ್ಯಾಂಥಿಯನ್‌ಗೆ ಪೂಜೆಗೆ ಹೋದೆವು. ಪೂಜೆಗೆ ಬಂದವರಿಗೆ ಟಿಕೆಟ್ ಇಲ್ಲ. ಬಾಗಿಲಲ್ಲಿ ಹೇಳಿದರೆ ಒಳಗೆ ಬಿಡುತ್ತಾರೆ. ಅಷ್ಟು ಹೊತ್ತು ಪ್ರವಾಸಿಗರಿಗೆ ಪ್ರವೇಶ ಇಲ್ಲ, ನಾವೂ ಅಡ್ಡಾಡಿ ಫೋಟೋ ತೆಗೆಯುವ ಹಾಗಿಲ್ಲ. ಪೂಜೆ ಇಟಾಲಿಯನ್‌ನಲ್ಲಿ. ನಾನು ಫೋನಿನಲ್ಲಿ ಕನ್ನಡದ ವಾಚನ ತೆರೆದುಕೊಂಡು ಕೂತೆ. ಅವತ್ತಿನ ಮೊದಲ ವಾಚನ ಪ್ರಕಟನಾ ಗ್ರಂಥದ 7ನೇ ಅಧ್ಯಾಯ. ಯಾರಿಂದಲೂ ಎಣಿಸಲಾಗದಷ್ಟು ಜನ, ಎಲ್ಲ ನಾಡಿನವರು, ಎಲ್ಲ ಭಾಷೆಯವರು, ಬಿಳಿ ಬಟ್ಟೆ ಉಟ್ಟು ಕೈಯಲ್ಲಿ ಖರ್ಜೂರದ ಗರಿ ಹಿಡಿದು ನಿಂತಿದ್ದಾರೆ ಅಂತ ಬರುತ್ತೆ. ಓದುವಾಗ ಥಟ್ಟನೆ ಹೊಳೆಯಿತು: ಸಾಂತಾ ಪ್ರಸ್ಸೆದೆಯ ಕಮಾನಿನ ಮೇಲೆ ಗರಿ ಹಿಡಿದು ನಿಂತ ಗುಂಪು ಇದೇ ಅಲ್ವಾ! 2,300 ಜನರ ಮೂಳೆ ಕೆಳಗೆ, ಮೇಲೆ ಅವರ ಚಿತ್ರ. ಪಾಸ್ಕಲ್ ಲೆಕ್ಕ ಹಾಕಿಯೇ ಕಟ್ಟಿಸಿದ್ದಾರೆ. ಶುಭಸಂದೇಶ ಮತ್ತಾಯನ 5ನೇ ಅಧ್ಯಾಯ, ಬಡವರು ಧನ್ಯರು, ದುಃಖಪಡುವವರು ಧನ್ಯರು ಅನ್ನುವ ಭಾಗ. ಹಬ್ಬ ಯಾರದು ಅನ್ನುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಿರಲಿಲ್ಲ. ಟೂರಿನವರು ಈ ಎರಡು ವಾಚನಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದರೆ ನನ್ನಿಂದ ಎಂಟು ಅಂಕ ಸಿಗುತ್ತಿತ್ತು.

ಒಂದು ಎಚ್ಚರಿಕೆ, ಟೂರಿಗೆ ಸಂಬಂಧ ಇಲ್ಲದ್ದು. ಆ ವಾರ ಊರೆಲ್ಲ ಸೇವಂತಿಗೆ ಮಾರುತ್ತಿರುತ್ತಾರೆ. ಎಷ್ಟು ದೊಡ್ಡ ಹೂ, ಎಂಥ ಬಣ್ಣ! ಯಜಮಾನರು ಮಗಳ ಮನೆ ಓನರಮ್ಮನಿಗೆ ಅಂತ ಒಂದು ಕಟ್ಟು ಎತ್ತಿಕೊಂಡರು. ಮಗಳು ಕಿತ್ತು ವಾಪಸ್ ಇಟ್ಟಳು. ಇಟಲಿಯಲ್ಲಿ ಸೇವಂತಿಗೆ ಸಮಾಧಿಗೆ ಇಡುವ ಹೂವು. ಯಾರ ಮನೆಗೂ ತಗೊಂಡು ಹೋಗಬೇಡಿ.

ಹೋಗಬೇಕಾ ಬೇಡವಾ ಅಂದರೆ, ಚರಿತ್ರೆ ಇಷ್ಟ ಇದ್ದು ಮೂರು ಕಿಲೋಮೀಟರ್ ನಡೆಯಲು ಆಗುವವರು ಹೋಗಿ. ಗೈಡ್ ಪಕ್ಕ ನಿಲ್ಲಿ, ಅಂಗಡಿಯಲ್ಲಿ ಏನೂ ಕೊಳ್ಳಬೇಡಿ. ದುಡ್ಡು ಉಳಿಸಬೇಕು ಅನ್ನುವವರು ಸಾಂತಾ ಪ್ರಸ್ಸೆದೆಗೆ ನೀವೇ ಬೆಳಗ್ಗೆ ಹೋಗಿ. ಸಣ್ಣ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಜೇಬಿನಲ್ಲಿ ಚಿಲ್ಲರೆ ಇರಲಿ, ಚರ್ಚಿನೊಳಗೆ ಪಕ್ಕದಲ್ಲಿರುವ ಪುಟ್ಟ ಗುಡಿಯ ದೀಪ ಹತ್ತಲು ನಾಣ್ಯ ಬೇಕು. ಪ್ಯಾಂಥಿಯನ್‌ಗೆ ಪೂಜೆಯ ಹೊತ್ತಿಗೆ ಹೋಗಿ. ಟೂರೇ ಬೇಕು ಅಂದರೆ ಬುಕ್ ಮಾಡುವ ಮೊದಲು ರೂಟಿನಲ್ಲಿ ಸಾಂತಾ ಪ್ರಸ್ಸೆದೆ ಇದೆಯಾ, ಪ್ಯಾಂಥಿಯನ್ ಟಿಕೆಟ್ ಸೇರಿದೆಯಾ ಅಂತ ಬರೆದು ಕೇಳಿ. ಮೊದಲನೆಯದು ಇಲ್ಲ ಅಂದರೆ ಬೇರೆ ಕಂಪನಿ ನೋಡಿ.